ಸರ್ಕಾರಿ ಕೆಲಸ ಮನೆಯಿಂದ ಆಗುತ್ತದೆಯೇ? ಕಳಸ, ಕುದುರೆಮುಖದ ಕಡೆಯಿಂದ ನೋಡಿದರೆ

‘ಸಾಹೇಬ್ರು ಇವತ್ತು ಬಂದಿಲ್ಲ, ನಾಳೆ ಬನ್ನಿ.’ ಮಲೆನಾಡಿನ ಸರ್ಕಾರಿ ಕಚೇರಿಗಳಲ್ಲಿ ಕೇಳಿಬರುವ ಈ ಮಾತು ಕೊರೊನಾಕ್ಕಿಂತ ಬಹಳ ಹಳೆಯದು. ಸಂಸೆ, ಹೊರನಾಡು, ಹಿರೇಬೈಲಿನಂಥ ಊರುಗಳಿಂದ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಬಂದವರಿಗೆ ಆ ಒಂದು ಮಾತಿನಿಂದ ಒಂದು ದಿನದ ಕೂಲಿ ಹೋಗುತ್ತದೆ, ಕೊಯ್ಲಿನ ಹಂಗಾಮಾದರೆ ತೋಟದ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಸರ್ಕಾರಿ ನೌಕರರು ಮನೆಯಿಂದ ಕೆಲಸ ಮಾಡುವುದನ್ನು ನಿಲ್ಲಿಸಬೇಕೇ ಎಂಬ ಚರ್ಚೆ ಎಲ್ಲೇ ನಡೆಯಲಿ, ಈ ಗುಡ್ಡಗಳ ಜನ ಕೇಳಬೇಕಾದ ಪ್ರಶ್ನೆ ಬೇರೆ: ಸಹಿ ಹಾಕುವ ಅಧಿಕಾರ ಇರುವವರು ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿ ಇದ್ದಾರೆಯೇ?

ಮೊದಲು ಚರ್ಚೆಯ ಹಿನ್ನೆಲೆ. 2020ರ ಮಾರ್ಚ್ 19ರಂದು ಕೇಂದ್ರ ಸರ್ಕಾರ ಬಿ ಮತ್ತು ಸಿ ಗುಂಪಿನ ನೌಕರರಲ್ಲಿ ಅರ್ಧದಷ್ಟು ಜನ ಮಾತ್ರ ಕಚೇರಿಗೆ ಬಂದರೆ ಸಾಕು, ಉಳಿದವರು ಮನೆಯಿಂದಲೇ ಕೆಲಸ ಮಾಡಲಿ ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ, ಮುಂದೆಯೂ ವರ್ಷಕ್ಕೆ 15 ದಿನ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಡಬಹುದೇ ಎಂದು ಕರಡು ಹೊರಡಿಸಿ ಇಲಾಖೆಗಳ ಅಭಿಪ್ರಾಯ ಕೇಳಿತು. ಅದು ಎಲ್ಲ ನೌಕರರ ಹಕ್ಕಾಗಿ ರೂಪುಗೊಳ್ಳಲಿಲ್ಲ. 2022ರ ಫೆಬ್ರುವರಿ 7ರಿಂದ ಕೇಂದ್ರದ ಎಲ್ಲ ನೌಕರರೂ ಕಚೇರಿಗೆ ಮರಳಿದರು. ಅಮೆರಿಕದಲ್ಲಿ ಈ ಜಗಳ ಜೋರಾದದ್ದು 2025ರ ಜನವರಿ 20ರಂದು, ಅಧ್ಯಕ್ಷ ಟ್ರಂಪ್ ಅಧಿಕಾರಕ್ಕೆ ಬಂದ ಮೊದಲ ದಿನವೇ ಒಕ್ಕೂಟ ಸರ್ಕಾರದ ನೌಕರರೆಲ್ಲ ಪೂರ್ಣಾವಧಿ ಕಚೇರಿಗೆ ಬರಬೇಕೆಂದು ಆದೇಶಿಸಿದಾಗ. ಆದರೆ ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ನೌಕರರ ಹುದ್ದೆಗಳು ಮನೆಯಿಂದ ಮಾಡಲಾಗದಂಥವೇ ಆಗಿದ್ದವು. ಪೂರ್ತಿಯಾಗಿ ದೂರದಿಂದ ಕೆಲಸ ಮಾಡುತ್ತಿದ್ದವರು ಸುಮಾರು ಶೇ 10 ಮಾತ್ರ. ಚರ್ಚೆಯ ಗದ್ದಲದಲ್ಲಿ ಈ ಅನುಪಾತ ಮರೆತುಹೋಗುತ್ತದೆ. ಸರ್ಕಾರಿ ಕೆಲಸವೆಂದರೆ ಒಂದೇ ಬಗೆಯ ಕೆಲಸ ಅಲ್ಲ.

ಕಡತದ ಕೆಲಸ ಮನೆಯಿಂದ ಹೇಗೆ ಆಗುತ್ತದೆ ನೋಡಿ. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಇ-ಆಫೀಸ್ ತಂತ್ರಾಂಶದಲ್ಲಿ ಕಾಗದ ಮೊದಲು ಸ್ಕ್ಯಾನ್ ಆಗಿ ಒಂದು ಸಂಖ್ಯೆ ಪಡೆಯುತ್ತದೆ. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುತ್ತಾರೆ, ಅವರು ಒಪ್ಪಿದರೆ ಡಿಜಿಟಲ್ ಸಹಿ ಹಾಕುತ್ತಾರೆ. ಕಡತ ಯಾರ ಬಳಿ ಎಷ್ಟು ದಿನ ಕೂತಿತ್ತು ಎಂಬುದು ದಾಖಲಾಗುತ್ತದೆ. ಕಚೇರಿಗಳ ಗಣಕಗಳು ಸರ್ಕಾರದ್ದೇ ಆದ ಜಾಲದೊಳಗಿರುತ್ತವೆ. ಹೊರಗಿನಿಂದ ಅದರೊಳಕ್ಕೆ ಹೋಗಬೇಕಾದರೆ ವಿಪಿಎನ್ ಎಂಬ ಸುರಕ್ಷಿತ ದಾರಿಗೆ ಅನುಮತಿ ಬೇಕು. ಇಷ್ಟು ಇದ್ದರೆ ಟಿಪ್ಪಣಿ ಬರೆಯುವುದು, ಪತ್ರ ಸಿದ್ಧಪಡಿಸುವುದು, ವೇತನ ಬಿಲ್ಲು ನೋಡುವುದು, ಅಂಕಿಅಂಶ ಕ್ರೋಡೀಕರಿಸುವುದು ಬೆಂಗಳೂರಿನ ವಿಕಾಸಸೌಧದಲ್ಲಿ ಆದರೂ ಒಂದೇ, ಬಾಳೆಹೊಳೆಯ ಮನೆಯಲ್ಲಿ ಆದರೂ ಒಂದೇ. ಇಂಥ ಕೆಲಸ ಮಾಡುವವರನ್ನು ದಿನವೂ ಕುರ್ಚಿಯಲ್ಲಿ ಕೂರಿಸಿಯೇ ತೀರಬೇಕೆಂಬ ಹಟದಲ್ಲಿ ಜನಕ್ಕೆ ಯಾವ ಲಾಭವೂ ನನಗೆ ಕಾಣುವುದಿಲ್ಲ. ಕಡತ ಸರಿದರೆ ಸಾಕು.

ಆದರೆ ನಮ್ಮ ಕಡೆಯ ಜನರ ಬದುಕಿಗೆ ತಾಗುವ ಕೆಲಸಗಳು ಹೆಚ್ಚಾಗಿ ಈ ಬಗೆಯವಲ್ಲ. ಹದ್ದುಬಸ್ತು, ಪೋಡಿಗೆ ಭೂಮಾಪಕರು ತೋಟದಲ್ಲೇ ನಿಲ್ಲಬೇಕು. ಬಗರ್ ಹುಕುಂ ಅರ್ಜಿಗೂ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮಕ್ಕೆ ಕೊಡುವ 94ಸಿ ಅರ್ಜಿಗೂ ಸ್ಥಳ ತನಿಖೆ, ಮಹಜರು ಆಗಬೇಕು. ಭೂಮಿ ತಂತ್ರಾಂಶದಲ್ಲಿ ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಬೇರೆಯವರು ಕೈಯಾಡಿಸದಿರಲಿ ಎಂದೇ ಹಾಗೆ ಮಾಡಿದ್ದು, ಅದು ಸರಿಯೂ ಹೌದು.

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ, ಕಳಸದ ಕಡೆಯ ಚನ್ನಡ್ಲು ಗುಡ್ಡಕುಸಿತಕ್ಕೆ ಸಿಕ್ಕಿದ್ದನ್ನು ಯಾರೂ ಮರೆತಿಲ್ಲ. ಇಂಥ ಹೊತ್ತಿನಲ್ಲಿ ಪರಿಹಾರದ ಮೊದಲ ಮೆಟ್ಟಿಲು ಕಂದಾಯ ಸಿಬ್ಬಂದಿ ಕುಸಿದ ಗೋಡೆಯ ಮುಂದೆ ನಿಂತು ತೆಗೆಯುವ ಫೋಟೊ, ಬರೆಯುವ ವರದಿ. ಮನೆ ಪೂರ್ತಿ ಹೋಗಿದೆಯೋ ಭಾಗಶಃ ಹೋಗಿದೆಯೋ ಎಂದು ಅವರು ದಾಖಲಿಸಿದ್ದರ ಮೇಲೆ ಕುಟುಂಬಕ್ಕೆ ಸಿಗುವ ಹಣ ನಿರ್ಧಾರವಾಗುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸ, ಹೊರನಾಡಿನ ನಡುವಿನ ನೇರ ದಾರಿಯೇ ಕಡಿದುಹೋಗುತ್ತದೆ. ಆಗ ಚಿಕ್ಕಮಗಳೂರಿನಿಂದ ಓಡಾಡುವ ನೌಕರರಿಗೆ ಎಷ್ಟೇ ಮನಸ್ಸಿದ್ದರೂ ಬರಲಾಗುವುದಿಲ್ಲ. ಕಚೇರಿಗೆ ಹಾಜರಾಗುವುದಕ್ಕಿಂತ ಊರಿನಲ್ಲಿ ವಾಸವಿರುವುದು ಇಲ್ಲಿ ದೊಡ್ಡ ವಿಷಯ.

ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಕೇಂದ್ರಸ್ಥಾನ ಎನ್ನುತ್ತಾರೆ. ನೌಕರರು ಕೇಂದ್ರಸ್ಥಾನದಲ್ಲೇ ವಾಸವಿರಬೇಕು, ಅನುಮತಿಯಿಲ್ಲದೆ ಬಿಟ್ಟುಹೋಗಬಾರದು ಎಂಬ ಸುತ್ತೋಲೆಗಳು ವರ್ಷ ವರ್ಷವೂ ಬರುತ್ತವೆ. ಇನ್ನೊಂದೆಡೆ ‘ನಿಯೋಜನೆ’ ಎಂಬ ಪದ್ಧತಿ ಇದೆ: ಹುದ್ದೆ ಮಲೆನಾಡಿನಲ್ಲಿ, ಸಂಬಳವೂ ಅದೇ ಹುದ್ದೆಯ ಲೆಕ್ಕದಲ್ಲಿ, ಕೆಲಸ ಮಾತ್ರ ಜಿಲ್ಲಾ ಕೇಂದ್ರದಲ್ಲೋ ರಾಜಧಾನಿಯಲ್ಲೋ. ಹುದ್ದೆ ಕಾಗದದ ಮೇಲೆ ಭರ್ತಿಯಾಗಿರುವುದರಿಂದ ಅಲ್ಲಿಗೆ ಇನ್ನೊಬ್ಬರು ಬರುವುದಿಲ್ಲ. ಪಕ್ಕದ ವೃತ್ತದವರಿಗೆ ಪ್ರಭಾರ ಕೊಡುತ್ತಾರೆ, ಅವರು ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ಮಲೆನಾಡಿಗೆ ಅತಿ ಹೆಚ್ಚು ನೋವು ಕೊಟ್ಟ ದೂರದ ಕೆಲಸ ಇದೇ. ಇದಕ್ಕೆ ಲ್ಯಾಪ್‌ಟಾಪೂ ಬೇಕಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ. ಮನೆಯಿಂದ ಕೆಲಸ ಬೇಡವೆಂದು ಗುಡುಗುವವರು ಮೊದಲು ನಿಯೋಜನೆಗಳ ಪಟ್ಟಿ ನೋಡಬೇಕು.

ಹಾಗೆಂದು ನೌಕರರನ್ನಷ್ಟೇ ದೂರುವುದು ಅನ್ಯಾಯ. ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಪರಿಷ್ಕೃತ ವೇತನದ ಪ್ರಕಾರ ಮನೆಬಾಡಿಗೆ ಭತ್ಯೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಮೂಲವೇತನದ ಶೇ 20, ಸಣ್ಣ ಊರುಗಳಲ್ಲಿ ಶೇ 7.5. ಬಾಡಿಗೆ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ಆದರೆ ಕಳಸದಂಥ ಕಡೆ ಬಾಡಿಗೆಗೆ ಒಳ್ಳೆಯ ಮನೆ ಹುಡುಕುವುದೇ ಕಷ್ಟ. ಮಕ್ಕಳ ಓದು, ಮನೆಯ ಹಿರಿಯರ ಚಿಕಿತ್ಸೆ, ಮಳೆಗಾಲದಲ್ಲಿ ದಿನಗಟ್ಟಲೆ ಇಲ್ಲದ ಕರೆಂಟು, ಇವೆಲ್ಲ ಸೇರಿ ನೌಕರರ ಕುಟುಂಬ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಉಳಿಯುತ್ತದೆ. ಗ್ರಾಮ ಆಡಳಿತ ಅಧಿಕಾರಿಗಳ ಕಥೆ ಇನ್ನೂ ಒಂದು ಬಗೆ. 2024ರ ಸೆಪ್ಟೆಂಬರ್ 26ರಂದು ರಾಜ್ಯಾದ್ಯಂತ ಮುಷ್ಕರಕ್ಕೆ ಕೂತ ಅವರು, 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಬೆಳೆ, ಆಧಾರ್ ಜೋಡಣೆ, ಬಗರ್ ಹುಕುಂ ಎಂದು ಹತ್ತಾರು ಆ್ಯಪ್‌ಗಳ ಹೊರೆ ಹೊರಿಸಿದ ಸರ್ಕಾರ ಸರಿಯಾದ ಕಚೇರಿ, ಮೇಜು, ಲ್ಯಾಪ್‌ಟಾಪ್ ಕೊಟ್ಟಿಲ್ಲ ಎಂಬುದು ಆಗ ಅವರ ದೂರಾಗಿತ್ತು. ಕಚೇರಿಯೇ ಇಲ್ಲದವರಿಗೆ ಕಚೇರಿಗೆ ಬನ್ನಿ ಎಂದು ಹೇಳುವುದಾದರೂ ಹೇಗೆ? ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಫೋಟೊ ಅಪ್‌ಲೋಡ್ ಮಾಡುವ ಈ ನೌಕರರು ಮಾಡುತ್ತಿರುವುದೂ ಮೊಬೈಲಿನಲ್ಲೇ ನಡೆಯುವ ಕೆಲಸ. ಅದರ ಖರ್ಚು ಮತ್ತು ಶ್ರಮ ಮಾತ್ರ ಅವರ ಮೇಲೆಯೇ ಬಿದ್ದಿತ್ತು.

ಈಗ ಇಲಾಖೆಗಳು ನಂಬಿರುವುದು ಮುಖ ಗುರುತಿಸುವ ಹಾಜರಾತಿಯನ್ನು. ನೌಕರರು ಕಚೇರಿಯ ಆವರಣದೊಳಗೆ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿದರೆ, ಉಪಗ್ರಹದ ನೆರವಿನಿಂದ ಸ್ಥಳ ಖಚಿತವಾಗಿ ಹಾಜರಿ ಬೀಳುತ್ತದೆ. ಬೆಳಿಗ್ಗೆ 10ಕ್ಕೆ ಬಂದರೇ, ಸಂಜೆ 5.30ರ ತನಕ ಇದ್ದರೇ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ನಡುವೆ ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ತೋಟದಲ್ಲಿ ಸರ್ವೆ ಮಾಡುತ್ತಿರುವವರು ಹಾಜರಿಗಾಗಿ ಕಚೇರಿಗೆ ಓಡಿಬರಬೇಕಾದರೆ ಅದು ಜನರ ಕೆಲಸಕ್ಕೇ ತೊಂದರೆ.

ಈ ಗುಡ್ಡಗಳಲ್ಲಿ ನೌಕರರು ವಾಸವಿರುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಕುದುರೆಮುಖವೇ ಉತ್ತರ. 1976ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅದಿರು ಕಂಪನಿ, ದಿನವಿಡೀ ಮಳೆ ಸುರಿಯುವ ಈ ಕಾಡಿನ ನಡುವೆ ವಸತಿ, ಶಾಲೆ, ಆಸ್ಪತ್ರೆಗಳಿರುವ ಊರನ್ನೇ ಕಟ್ಟಿತು. ದೇಶದ ನಾನಾ ಕಡೆಯವರು ಸಂಸಾರ ಸಮೇತ ಬಂದು ನೆಲೆಸಿದರು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿನ ದೃಷ್ಟಿಯಿಂದ ಅದು ನಿಲ್ಲಲೇಬೇಕಿತ್ತು. ಆದರೆ ವಸತಿ ಕೊಟ್ಟರೆ ಜನ ಇರುತ್ತಾರೆ ಎಂಬುದಕ್ಕೆ ಆ ಊರು ಸಾಕ್ಷಿ. ಮೂಡಿಗೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಕಳಸಕ್ಕೆ ಮೊದಲು ಬೇಕಾದದ್ದು ನೌಕರರ ವಸತಿಗೃಹಗಳು, ಹಾಜರಾತಿ ಯಂತ್ರದ ಸರದಿ ಆಮೇಲೆ.

ನಾನು ಹೇಳುವುದು ಇಷ್ಟು. ಕಡತ ಮಾತ್ರ ನೋಡುವ ಹುದ್ದೆಗಳಿಗೆ ವಾರಕ್ಕೆ ಒಂದೆರಡು ದಿನ ಮನೆಯಿಂದ ಕೆಲಸ ಮಾಡಲು ಬಿಡಲಿ, ಇ-ಆಫೀಸಿನ ದಾಖಲೆ ನೋಡಿ ಲೆಕ್ಕ ಕೇಳಲಿ. ಗ್ರಾಮ ಆಡಳಿತ ಅಧಿಕಾರಿ, ಭೂಮಾಪಕರು, ಪಿಡಿಒ, ದಾದಿಯರು, ಲೈನ್‌ಮನ್‌ಗಳ ವಿಷಯದಲ್ಲಿ ರಿಯಾಯಿತಿ ಬೇಡ. ಅವರು ಊರಿನಲ್ಲೇ ಇರಲಿ, ಇರಲು ಮನೆಯನ್ನೂ ಸರ್ಕಾರವೇ ಕೊಡಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ಸಕಾಲ ಕಾಯ್ದೆಯಡಿಯ ಸೇವೆಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಪಡೆಯದೆ ಕಚೇರಿಯಿಂದ ಹೊರಡಬೇಡಿ. ನೌಕರರು ರಜೆಯಲ್ಲಿರಲಿ, ಪ್ರಭಾರದಲ್ಲಿರಲಿ, ಅವಧಿಯ ಲೆಕ್ಕ ಕಚೇರಿಯ ಮೇಲೆ ಇರುತ್ತದೆ. ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ವಿಳಂಬ ದಾಖಲೆಗೆ ಹೋಗುತ್ತದೆ. ದೂರು ಕೊಡಲು ಜನಸ್ಪಂದನ ಸಹಾಯವಾಣಿ 1902 ಇದೆ. ನಿಮ್ಮ ವೃತ್ತದ ಹುದ್ದೆಯಲ್ಲಿ ಯಾರಿದ್ದಾರೆ, ಅವರು ಎಲ್ಲಿಗೆ, ಎಂದಿನಿಂದ ನಿಯೋಜನೆಯಾಗಿದ್ದಾರೆ ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ಆ ಉತ್ತರವನ್ನು ಎಲ್ಲರೆದುರು ಓದಿಸಿ.