ಜೆಟ್ ವಿಮಾನದ ಗುಡುಗು ಹುಟ್ಟುವ ಬಗೆ

ಜೆಟ್ ವಿಮಾನದ ಮೊರೆತವೆಲ್ಲ ಎಂಜಿನ್ನಿನೊಳಗಿನ ಯಂತ್ರಭಾಗಗಳಿಂದ ಬರುತ್ತದೆಂಬುದು ಸಾಮಾನ್ಯ ಕಲ್ಪನೆ. ಆದರೆ ಮೊದಲ ತಲೆಮಾರಿನ ಜೆಟ್ ವಿಮಾನಗಳು ಮೇಲೇರುವಾಗ ಕೇಳಿಬರುತ್ತಿದ್ದ ಗುಡುಗಿನ ಬಹುಪಾಲು ಹುಟ್ಟುತ್ತಿದ್ದುದು ಎಂಜಿನ್ನಿನ ಹೊರಗೆ, ಬರಿಯ ಗಾಳಿಯಲ್ಲಿ. ಕುಕ್ಕರಿನಿಂದ ಹಬೆ ರಭಸವಾಗಿ ಚಿಮ್ಮುವಾಗಿನ ಬುಸುಗುಟ್ಟುವಿಕೆಯೂ ಇದೇ ಜಾತಿಯದು. ಅಲ್ಲಿ ಬಡಿಯುವ ಚರ್ಮವಿಲ್ಲ, ಮಿಡಿಯುವ ತಂತಿಯಿಲ್ಲ.

ವೇಗದ ಧಾರೆಯೊಂದು ನಿಶ್ಚಲವಾದ ಗಾಳಿಯನ್ನು ಸೋಕಿದಾಗ ಅವೆರಡರ ಗಡಿ ನಯವಾಗಿ ಉಳಿಯದು. ಸುರುಳಿ ಸುತ್ತಿ ಸುಳಿಗಳಾಗುತ್ತದೆ. ನಳಿಕೆಯ ಬಾಯಿಯ ಬಳಿ ಸುಳಿಗಳು ಚಿಕ್ಕವು, ಅವುಗಳ ಧ್ವನಿ ತಾರ. ಹಿಂದೆ ಸಾಗಿದಂತೆ ಅವು ಒಂದರೊಡನೊಂದು ಬೆರೆತು ಹಿಗ್ಗುತ್ತವೆ, ಧ್ವನಿ ಮಂದ್ರಕ್ಕಿಳಿಯುತ್ತದೆ. ತಾರಧ್ವನಿಯನ್ನು ಗಾಳಿಯು ದಾರಿಯಲ್ಲಿಯೇ ಹೆಚ್ಚಾಗಿ ಹೀರಿಕೊಳ್ಳುವುದರಿಂದ ದೂರದ ಮನೆಗಳನ್ನು ತಲುಪುವುದು ಮಂದ್ರವೇ. ಮುಚ್ಚಿದ ಕಿಟಕಿಯೂ ಅದನ್ನು ಸುಲಭವಾಗಿ ತಡೆಯಲಾರದು.

ಇದನ್ನು ಗಣಿತದ ಹಿಡಿತಕ್ಕೆ ತಂದವರು ಇಂಗ್ಲೆಂಡಿನ ಜೇಮ್ಸ್ ಲೈಟ್‌ಹಿಲ್, 1952ರಲ್ಲಿ. ಸುಳಿಗಳ ಒಂದು ಭಾಗ ಗಾಳಿಯನ್ನು ಒತ್ತಿದರೆ ನೆರೆಯ ಭಾಗ ಸೆಳೆಯುತ್ತದೆ. ಇವು ಪರಸ್ಪರ ಅಳಿಸಿಹೋಗಿ ಅಲ್ಪಾಂಶವಷ್ಟೇ ಶಬ್ದವಾಗಿ ಹೊರಡುತ್ತದೆ. ವೇಗ ಹೆಚ್ಚಿದಂತೆ ಈ ಅಳಿಸುವಿಕೆ ಕುಂದುತ್ತದೆ. ಧ್ವನಿವೇಗವನ್ನು ಮೀರದ ಧಾರೆಯಲ್ಲಿ ಶಬ್ದಶಕ್ತಿಯು ವೇಗದ ಎಂಟನೆಯ ಘಾತದಂತೆ ಬೆಳೆಯುವುದೆಂದು ಅವರು ತೋರಿಸಿದರು. ವೇಗ ಇಮ್ಮಡಿಸಿದರೆ ಶಬ್ದಶಕ್ತಿ 256 ಪಟ್ಟು, ಅಂದರೆ ಸುಮಾರು 24 ಡೆಸಿಬೆಲ್ ಅಧಿಕ!

ಪರಿಹಾರವೂ ಇದರಲ್ಲಿಯೇ ಅಡಗಿದೆ. ಸ್ವಲ್ಪ ಗಾಳಿಯನ್ನು ಅತಿವೇಗದಿಂದ ಎಸೆಯುವ ಬದಲು ಬಹಳಷ್ಟು ಗಾಳಿಯನ್ನು ಕಡಿಮೆ ವೇಗದಿಂದ ತಳ್ಳಿದರೂ ಅಷ್ಟೇ ನೂಕುಬಲ ದೊರೆಯುತ್ತದೆ. ಇಂದಿನ ಎಂಜಿನ್ನುಗಳಿಗೆ ಅಷ್ಟು ಅಗಲವಾದ ಬಾಯಿ ಇರುವುದು ಅದಕ್ಕಾಗಿಯೇ. ಇಂಧನದ ಉಳಿತಾಯವೇ ಮುಖ್ಯ ಉದ್ದೇಶವಾಗಿದ್ದರೂ ನೆರೆಹೊರೆಯವರ ಕಿವಿಗಳಿಗೂ ಅದರಿಂದ ಉಪಕಾರವಾಯಿತೆನ್ನಬೇಕು.

ಮುಂಬಯಿಯ ಘಾಟ್‌ಕೋಪರ್, ಕುರ್ಲಾಗಳ ನಿವಾಸಿಗಳಿಗೆ ಮಾತ್ರ ಈ ಉಪಕಾರ ಪೂರ್ತಿ ದಕ್ಕಿಲ್ಲ. ಅವರ ತಲೆಯ ಮೇಲೆ ಹಾಯುವವು ಹೆಚ್ಚಾಗಿ ಇಳಿಯುವ ವಿಮಾನಗಳು. ಆಗ ಜೆಟ್ ಧಾರೆ ದುರ್ಬಲವಾಗಿರುತ್ತದೆ. ಎಂಜಿನ್ನಿನ ಬೀಸಣಿಗೆಯ ಕೀರಲು, ಕೆಳಗಿಳಿಬಿಟ್ಟ ಚಕ್ರ ಹಾಗೂ ರೆಕ್ಕೆಯಂಚುಗಳನ್ನು ಸೀಳಿ ಹೋಗುವ ಗಾಳಿಯ ಸದ್ದು ಮೇಲುಗೈ ಪಡೆಯುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು ಯೂರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವಿಮಾನಗಳ ಶಬ್ದವನ್ನು ಹಗಲಿರುಳಿನ ಸರಾಸರಿಯಲ್ಲಿ 45, ರಾತ್ರಿಯಲ್ಲಿ 40 ಡೆಸಿಬೆಲ್ಲಿಗಿಂತ ಕೆಳಗಿಡಲು ಸಲಹೆ ನೀಡಿತು. ರಾತ್ರಿಯ ಅಂಕಿ ಇನ್ನೂ ಬಿಗಿಯಾಗಿರುವುದು ಅಕಾರಣವಲ್ಲ. ವಿಮಾನ ಹಾದುಹೋದಾಗ ಮಲಗಿದವನು ಎಚ್ಚರಗೊಳ್ಳದಿರಬಹುದು, ಬೆಳಿಗ್ಗೆ ಅವನಿಗೆ ಅದರ ನೆನಪೂ ಇರಲಿಕ್ಕಿಲ್ಲ; ಆದರೂ ಆ ಕ್ಷಣದಲ್ಲಿ ಅವನ ಎದೆಬಡಿತ ಏರಿರುತ್ತದೆ, ನಿದ್ರೆ ತೆಳುವಾಗಿರುತ್ತದೆ.