ಬ್ಯಾಟರಿಯ ಒಳಹರಿವು, ಹೊರಹರಿವು

ಮುನಿರಾಬಾದಿನ ತುಂಗಭದ್ರಾ ಜಲಾಶಯದ ಲೆಕ್ಕ ಮಳೆಗಾಲದಲ್ಲಿ ದಿನವೂ ಪತ್ರಿಕೆಗೆ ಬರುತ್ತದೆ. ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂಬುದನ್ನು ಗಂಗಾವತಿಯ ಭತ್ತದ ರೈತರು ಈ ಸಾಲಿನಲ್ಲೇ ಓದಿಕೊಳ್ಳುತ್ತಾರೆ. ಮಾಳಿಗೆ ಮೇಲೆ ಸೋಲಾರ್ ಪ್ಲೇಟು, ಪಡಸಾಲೆಯ ಮೂಲೆಯಲ್ಲಿ ಬ್ಯಾಟರಿ ಇಟ್ಟುಕೊಂಡವರಿಗೂ ಬೇಕಾದ ವಿದ್ಯೆ ಇದೇ. ಆದರೆ ಅವರು ಐದು ಸಂಖ್ಯೆ ಬಿಟ್ಟು ಒಂದನ್ನೇ ನೋಡುತ್ತಾರೆ: ಪರದೆಯ ಮೇಲಿನ ಪರ್ಸೆಂಟು.

ಯಲಬುರ್ಗಾ, ಕುಷ್ಟಗಿ ಕಡೆ ಈ ದೂರು ಹೀಗೆ ಬರುತ್ತದೆ: “ಅರವತ್ತ್ ಪರ್ಸೆಂಟ್ ಐತಿ ಅಂತ ತೋರ್ಸಾಕತ್ತೈತ್ರೀ, ಲೈಟ್ ನೋಡಿದ್ರ ಹೋಗ್ಯಾವ.” ಹೇಳುವವರ ದನಿಯಲ್ಲಿ ಮೋಸಹೋದ ನೋವಿರುತ್ತದೆ. ಬ್ಯಾಟರಿ ಕೆಟ್ಟಿತೋ, ಮೀಟರ್ ಸುಳ್ಳು ಹೇಳಿತೋ, ಕೂರಿಸಿದವರು ಕೈಕೊಟ್ಟರೋ? ಬಹಳ ಸಲ ಈ ಮೂರೂ ಆಗಿರುವುದಿಲ್ಲ.

ಆ ಅರವತ್ತನ್ನು ಯಾರೂ ಅಳೆದಿಲ್ಲ. ಬ್ಯಾಟರಿಯೊಳಗೆ ಎಷ್ಟು ಉಳಿದಿದೆ ಎಂದು ನೇರವಾಗಿ ಹೇಳುವ ಉಪಕರಣ ಯಾವ ಮನೆಯಲ್ಲೂ ಇಲ್ಲ. ಇರುವುದು ಊಹೆ. ಆ ಊಹೆಗೆ ದಾರಿ ಎರಡು. ಒಂದು, ಜಲಾಶಯದ ಮಟ್ಟ ನೋಡುವಂತೆ ವೋಲ್ಟೇಜ್ ನೋಡುವುದು. ಇನ್ನೊಂದು, ಒಳಹರಿವು ಹೊರಹರಿವಿನ ಲೆಕ್ಕ ಬರೆದಿಡುವುದು.

ಹಳೆಯ ಟ್ಯೂಬ್ಯುಲರ್ ಬ್ಯಾಟರಿಗೆ ಮಟ್ಟದ ಲೆಕ್ಕ ಒಂದಿಷ್ಟು ನಡೆಯುತ್ತದೆ. ಕೆಲವು ತಾಸು ಸುಮ್ಮನೆ ಬಿಟ್ಟ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧಕ್ಕೆ ಇಳಿದಿದ್ದರೆ 12.2ರ ಆಸುಪಾಸು. ಸುಮ್ಮನೆ ಬಿಟ್ಟಾಗ ಎಂಬುದೇ ಇಲ್ಲಿ ಮುಖ್ಯ. ಮಿಕ್ಸರ್ ಹಾಕಿದರೆ ವೋಲ್ಟೇಜ್ ಕುಸಿಯುತ್ತದೆ, ಬಿಸಿಲು ಏರಿದರೆ ಹದಿಮೂರು ದಾಟುತ್ತದೆ. ಅಲೆ ಎದ್ದಾಗ ಅಣೆಕಟ್ಟಿನ ಗೇಜ್ ಓದಿದರೆ ಏನು ತಿಳಿಯುತ್ತದೋ ಅಷ್ಟೇ ತಿಳಿಯುತ್ತದೆ. ಹೈಡ್ರೋಮೀಟರ್ ಇದ್ದವರು ಆಸಿಡ್ಡಿನ ಸಾಂದ್ರತೆಯನ್ನೇ ನೋಡಬಹುದು. ಈ ವಿಚಾರದಲ್ಲಿ ಹಳೆಯ ಬ್ಯಾಟರಿಯೇ ಪ್ರಾಮಾಣಿಕ ಎನ್ನಬೇಕು.

ಈಗ ಮನೆಗಳಿಗೆ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವವೇ ಬೇರೆ. ಅದರ ಒಂದೊಂದು ಸೆಲ್ಲೂ ತುಂಬುವ ತುದಿ, ಬರಿದಾಗುವ ತುದಿ ಬಿಟ್ಟರೆ ಉಳಿದ ಹೊತ್ತೆಲ್ಲ 3.2ರಿಂದ 3.3 ವೋಲ್ಟಿನ ನಡುವೆಯೇ ಇರುತ್ತದೆ. 16 ಸೆಲ್ ಸೇರಿದ 51.2 ವೋಲ್ಟಿನ ಬ್ಯಾಟರಿಯಲ್ಲಿ ಎಂಬತ್ತು ಪರ್ಸೆಂಟಿಗೂ ಇಪ್ಪತ್ತು ಪರ್ಸೆಂಟಿಗೂ ಒಂದೂವರೆ ವೋಲ್ಟಿನಷ್ಟೇ ಅಂತರ. ಎಕರೆಗಟ್ಟಲೆ ಹರಡಿದ ತಟ್ಟೆಯಂಥ ಕೆರೆಯಲ್ಲಿ ಕೋಲು ನೆಟ್ಟು ಆಳ ನೋಡಿದಂತೆ: ಬೆರಳಗಲ ಇಳಿಯುವಷ್ಟರಲ್ಲಿ ಅರ್ಧ ಕೆರೆ ಖಾಲಿ. ಹಾಗಾಗಿ ಇಲ್ಲಿ ಹರಿವಿನ ಲೆಕ್ಕವನ್ನೇ ನಂಬಬೇಕು.

ಆ ಲೆಕ್ಕ ಇಡುವುದು ಶಂಟ್ ಎಂಬ ಸಣ್ಣ ಲೋಹದ ಪಟ್ಟಿ. ಅದರ ಮೂಲಕ ಕರೆಂಟ್ ಹರಿದಾಗ ಎರಡು ತುದಿಗಳ ನಡುವೆ ಚೂರು ವೋಲ್ಟೇಜ್ ಹುಟ್ಟುತ್ತದೆ. 100 ಆಂಪಿಯರಿಗೆ 50 ಮಿಲಿವೋಲ್ಟ್ ಕೊಡುವ ಶಂಟ್ ಸಾಮಾನ್ಯ. ಆಂಪಿಯರ್ ಎಂದರೆ ನಮ್ಮ ಕ್ಯುಸೆಕ್, ಆಂಪಿಯರ್-ಅವರ್ ಎಂದರೆ ಟಿಎಂಸಿ. ಇದು ಹೊಸ ಉಪಾಯವೇನಲ್ಲ. 1882ರಲ್ಲಿ ನ್ಯೂಯಾರ್ಕಿನಲ್ಲಿ ಮನೆಗಳಿಗೆ ಕರೆಂಟ್ ಮಾರತೊಡಗಿದ ಎಡಿಸನ್, ಅದರಲ್ಲೊಂದು ಸಣ್ಣ ಪಾಲನ್ನು ಸತುವಿನ ತಗಡುಗಳಿದ್ದ ದ್ರಾವಣದ ಮೂಲಕ ಹರಿಸುತ್ತಿದ್ದ. ಕಂಪನಿಯ ಆಳು ತಿಂಗಳಿಗೊಮ್ಮೆ ಬಂದು ತಗಡು ಒಯ್ದು ತಕ್ಕಡಿಯಲ್ಲಿ ತೂಗಿ ಬಿಲ್ಲು ಮಾಡುತ್ತಿದ್ದ. ಗಿರಾಕಿಗೆ ಅದರಲ್ಲಿ ಓದಲು ಏನೂ ಇರಲಿಲ್ಲ. ಜಗಳ ಎಷ್ಟಾಗಿರಬೇಕು!

ಹರಿವಿನ ಲೆಕ್ಕದ ದೋಷ ಏನೆಂದರೆ, ಸಣ್ಣ ತಪ್ಪು ಅಳಿಯುವುದಿಲ್ಲ, ಕೂಡುತ್ತಾ ಹೋಗುತ್ತದೆ. ಶಂಟಿನ ಓದು ಒಂದು ಮಿಲಿವೋಲ್ಟಿನ ಹತ್ತನೇ ಒಂದು ಪಾಲಿನಷ್ಟು ತಪ್ಪಿತೆನ್ನಿ. ಅಂದರೆ 0.2 ಆಂಪಿಯರ್. ದಿನಕ್ಕೆ 4.8 ಆಂಪಿಯರ್-ಅವರ್, ಹತ್ತು ದಿನಕ್ಕೆ 48. ನೂರು ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಅರ್ಧ ಲೆಕ್ಕವೇ ಹೋಯಿತು. ಹೀಗಾಗಬಾರದೆಂದೇ ಬ್ಯಾಟರಿ ಪೂರ್ತಿ ತುಂಬಿದ ಪ್ರತಿಸಲ ಮೀಟರ್ ತನ್ನ ಹಳೇ ಲೆಕ್ಕ ಬಿಟ್ಟು 100 ಎಂದು ಹೊಸದಾಗಿ ಬರೆದುಕೊಳ್ಳುತ್ತದೆ.

ಚೈತ್ರ, ವೈಶಾಖದಲ್ಲಿ ಅದಕ್ಕೆ ತೊಂದರೆಯಿಲ್ಲ, ಮಧ್ಯಾಹ್ನ ಎರಡರ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. ಕಷ್ಟ ಶುರುವಾಗುವುದು ಆಷಾಢದಲ್ಲಿ. ನಮ್ಮ ಎರೆಸೀಮೆಯ ಆಷಾಢವೆಂದರೆ ಗೊತ್ತಲ್ಲ, ಮಳೆ ಕಡಿಮೆ, ಮೋಡ ಮತ್ತು ಗಾಳಿ ಜಾಸ್ತಿ. ಯಲಬುರ್ಗಾ, ಕುಷ್ಟಗಿಯ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ, ಮನೆ ಮೇಲಿನ ಪ್ಲೇಟು ಮಂಕಾಗಿ ಮಲಗಿರುತ್ತದೆ. ಎರಡು ಮೂರು ವಾರ ಬ್ಯಾಟರಿ ಒಮ್ಮೆಯೂ ತುಂಬುವುದಿಲ್ಲ, ಲೆಕ್ಕ ಒಮ್ಮೆಯೂ ತಿದ್ದಿಕೊಳ್ಳುವುದಿಲ್ಲ. ಅರವತ್ತಕ್ಕೆ ಲೈಟು ಹೋಗುವ ದೂರು ಹೆಚ್ಚು ಕೇಳಬೇಕಾದದ್ದು ಈ ದಿನಗಳಲ್ಲೇ.

ಇದಕ್ಕೆ ಜೊತೆಯಾಗುವುದು ಲೆಕ್ಕಕ್ಕೇ ಬಾರದ ಸೋರಿಕೆ. ಎಷ್ಟೋ ಬ್ಯಾಟರಿಗಳಲ್ಲಿ ಈ ಲೆಕ್ಕ ಇಡುವ ಕಾವಲು ಸರ್ಕ್ಯೂಟ್ (ಬಿಎಂಎಸ್) ತೀರ ಸಣ್ಣ ಕರೆಂಟನ್ನು ಸೊನ್ನೆ ಎಂದೇ ಓದುತ್ತದೆ. ಇನ್ವರ್ಟರ್ ಮಾತ್ರ ಏನೂ ಕೆಲಸವಿಲ್ಲದಿದ್ದರೂ 30 ವ್ಯಾಟಿನಷ್ಟು ತಿನ್ನುತ್ತಿರುತ್ತದೆ. ದಿನಕ್ಕೆ 0.72 ಯೂನಿಟ್. 51.2 ವೋಲ್ಟಿನಲ್ಲಿ ಅದು 0.6 ಆಂಪಿಯರ್ ಆದ್ದರಿಂದ ಕಾವಲುಗಾರನ ಕಣ್ಣಿಗೆ ಬೀಳದೆ ಹೋಗಬಹುದು.

ಇನ್ನೊಂದು ಸೋರಿಕೆ ಮನುಷ್ಯರದೇ. ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಜಿನ ಆಚೆ ಯಾರೋ ಪಂಪ್ ಇಟ್ಟರೆ ಗೇಜಿಗೆ ಅದರ ಸುದ್ದಿಯೇ ಇಲ್ಲ. ಬ್ಯಾಟರಿಯ ನೆಗೆಟಿವ್ ತುದಿಯಿಂದ ಬರುವ ತಂತಿಗಳೆಲ್ಲ ಶಂಟಿನ ಮೂಲಕವೇ ಹಾದುಹೋಗಬೇಕು. ವೈಫೈ ಡಬ್ಬಿಗೋ ಔಷಧ ಹೊಡೆಯುವ ಪಂಪಿನ ಚಾರ್ಜಿಗೋ ಯಾರಾದರೂ ಸೀದಾ ಬ್ಯಾಟರಿಗೇ ಎಳೆ ಕೊಟ್ಟಿದ್ದರೆ ಅದು ಕಳ್ಳ ಪೈಪು.

ಲೆಕ್ಕ ಸರಿಯಿದ್ದೂ ಲೈಟು ಹೋಗುವ ಪ್ರಸಂಗವೂ ಉಂಟು. 16 ಸೆಲ್ಲುಗಳಲ್ಲಿ ಒಂದು ಸೋತಿದ್ದರೆ ಅದು ಮೊದಲು ಬರಿದಾಗುತ್ತದೆ. ಕಾವಲು ಸರ್ಕ್ಯೂಟ್ ಆ ಒಂದನ್ನು ಉಳಿಸಲು ಇಡೀ ಬ್ಯಾಟರಿಯನ್ನೇ ಬಂದ್ ಮಾಡುತ್ತದೆ. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಮಂಡಿಯೂರಿದರೆ ಇನ್ನೊಂದರ ಕಸುವು ಎಷ್ಟಿದ್ದರೇನು? ಆ್ಯಪಿನಲ್ಲಿ ಸೆಲ್ಲುಗಳ ವೋಲ್ಟೇಜ್ ಬೇರೆಬೇರೆಯಾಗಿ ಕಾಣುವುದಿದ್ದರೆ, ಬಂದ್ ಆಗುವ ಮುಂಚಿನ ಹೊತ್ತಿನಲ್ಲಿ ಅದನ್ನು ನೋಡಬೇಕು. ಒಂದೇ ಸೆಲ್ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಹುಡುಕಾಟ ಮುಗಿಯಿತು.

ತಪ್ಪಲ್ಲದ ತಪ್ಪುಗಳನ್ನೂ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. 540 ವ್ಯಾಟಿನ ಪ್ಲೇಟು ಬೇಸಿಗೆಯಲ್ಲಿ 460ರ ಸುತ್ತ ತೋರಿಸಿದರೆ ಮೀಟರನ್ನು ಬೈಯಬೇಡಿ. ಆ 540 ಎಂಬುದು ಪ್ಲೇಟು 25 ಡಿಗ್ರಿ ಇದ್ದಾಗಿನ ಮಾತು. ಕೊಪ್ಪಳದ ಬಿಸಿಲಿಗೆ ಅದು 65 ಡಿಗ್ರಿ ಮುಟ್ಟುತ್ತದೆ, ಒಂದೊಂದು ಡಿಗ್ರಿಗೂ ಸುಮಾರು 0.35 ಪರ್ಸೆಂಟ್ ಕಳೆದುಕೊಳ್ಳುತ್ತದೆ. ಗಿಣಿಗೇರಿ ಸುತ್ತ ಕಾರ್ಖಾನೆಗಳ ಕರಿದೂಳು ಕೂತರೆ ಇನ್ನಷ್ಟು. ಹಾಗೆಯೇ, ಪ್ಲೇಟಿನಿಂದ ಬಂದ ಆರು ಯೂನಿಟ್ಟಿನಲ್ಲಿ ಮನೆಗೆ ಐದೂ ಸಿಗದಿದ್ದರೆ ಅದೂ ಮೋಸವಲ್ಲ. ಬ್ಯಾಟರಿಗೆ ಹೋಗಿ ಬರುವ ದಾರಿಯಲ್ಲಿ, ಇನ್ವರ್ಟರಿನಲ್ಲಿ ಒಂದಿಷ್ಟು ಶಾಖವಾಗಿ ಹೋಗಲೇಬೇಕು. ವಿದ್ಯುತ್ ಕಂಪನಿ ಜೆಸ್ಕಾಂನ ನೆಟ್ ಮೀಟರಿಗೂ ಆ್ಯಪಿಗೂ ತಾಳೆಯಾಗದಿರುವುದು ಕೂಡ ಹೀಗೇ. ಪ್ಲೇಟು ಹುಟ್ಟಿಸಿದ್ದರಲ್ಲಿ ಮನೆಯೇ ಬಳಸಿದ್ದು ಜೆಸ್ಕಾಂ ಮೀಟರಿಗೆ ಕಾಣುವುದೇ ಇಲ್ಲ. ಅದು ಎಣಿಸುವುದು ಲೈನಿಗೆ ಹೋದದ್ದು, ಲೈನಿನಿಂದ ಬಂದದ್ದು ಎರಡನ್ನೇ. ಆ ಮೀಟರಿನ ಬಳಿಯೇ ತಂತಿಗೆ ತೊಡಿಸಿದ, ಕರೆಂಟ್ ಅಳೆಯುವ ಇನ್ವರ್ಟರಿನ ಸಿಟಿ ಬಳೆ ತಿರುಗುಮುರುಗಾಗಿದ್ದರೆ ಮಾತ್ರ ಅದು ನಿಜವಾದ ತಪ್ಪು: ಕೊಟ್ಟದ್ದು ತಗೊಂಡಂತೆ, ತಗೊಂಡದ್ದು ಕೊಟ್ಟಂತೆ ಕಾಣುತ್ತದೆ. ಬಳೆಯ ಮೇಲೊಂದು ಬಾಣದ ಗುರುತಿರುತ್ತದೆ, ನೋಡಿ. ಇನ್ನು ದಿನದ ಲೆಕ್ಕ ರಾತ್ರಿ ಒಂಬತ್ತೂವರೆಗೇ ಸೊನ್ನೆಯಾಗುತ್ತಿದ್ದರೆ ಇನ್ವರ್ಟರಿನ ಗಡಿಯಾರ ಇನ್ನೂ ಚೀನಾದ ಸಮಯದಲ್ಲಿದೆ ಎಂದರ್ಥ.

ಹುಡುಕುವುದು ಹೇಗೆ? ಎಲ್ಲರೂ ಮೊದಲು ಮಾಡುವುದು ರೀಸೆಟ್ ಒತ್ತುವುದು. ನನ್ನ ಪ್ರಕಾರ ಅದು ಕೊನೆಯ ಕೆಲಸ. ಕಳ್ಳ ಬಂದುಹೋದ ಅಂಗಳವನ್ನು ಬೆಳಗ್ಗೆ ಎದ್ದು ಸಾರಿಸಿಬಿಟ್ಟರೆ ಹೆಜ್ಜೆ ಎಲ್ಲಿ ಹುಡುಕುವುದು? ಮೊದಲು ಸೆಟ್ಟಿಂಗಿನಲ್ಲಿ ಬ್ಯಾಟರಿಯ ಸಾಮರ್ಥ್ಯ ಎಷ್ಟೆಂದು ಬರೆದಿದೆ ನೋಡಿ. ಮನೆಯಲ್ಲಿರುವುದು 100, ಕಂಪನಿಯಿಂದ ಬಂದಾಗ ಇದ್ದದ್ದು 200, ಅದನ್ನು ಯಾರೂ ಬದಲಿಸಿಲ್ಲ ಎಂಬುದೇ ಕೆಲವೊಮ್ಮೆ ಪೂರ್ತಿ ಕಥೆ.

ಆಮೇಲೆ ಒಂದು ಪರೀಕ್ಷೆ. ರಾತ್ರಿ ಹೊತ್ತು ಲೈನಿನ ಮೇನ್ ಸ್ವಿಚ್ ತೆಗೆದು, ಬೇರೆಲ್ಲ ಆರಿಸಿ, ಬಕೆಟ್ ನೀರಿಗೆ ಸಾವಿರ ವ್ಯಾಟಿನ ರಾಡ್ ಒಂದೇ ಹಾಕಿ ಅರ್ಧ ತಾಸು ಬಿಡಿ. ಇನ್ವರ್ಟರಿಗೆ ಅಷ್ಟು ತಾಕತ್ತಿರಬೇಕು, ರಾಡ್ ತೆಗೆಯುವವರೆಗೆ ನೀರು ಮುಟ್ಟಬಾರದು. ಅರ್ಧ ಯೂನಿಟ್ ಖರ್ಚಾಗುತ್ತದೆ. ಇನ್ವರ್ಟರಿನ ನಷ್ಟವನ್ನೂ ಸೇರಿಸಿದರೆ 51.2 ವೋಲ್ಟ್, 100 ಆಂಪಿಯರ್-ಅವರಿನ ಬ್ಯಾಟರಿಯಿಂದ ಸುಮಾರು 11 ಪರ್ಸೆಂಟ್ ಇಳಿಯಬೇಕು. ಐದೇ ಇಳಿದರೆ ಅಥವಾ ಇಪ್ಪತ್ತು ಇಳಿದರೆ ಲೆಕ್ಕದ ಯಂತ್ರದಲ್ಲೋ ಸೆಟ್ಟಿಂಗಿನಲ್ಲೋ ದೋಷವಿದೆ. ಹನ್ನೊಂದರ ಆಸುಪಾಸು ಇಳಿದರೆ ದೊಡ್ಡ ಹರಿವಿನ ಅಳತೆ ಸರಿಯಿದೆ. ತಪ್ಪು ಸಣ್ಣ ಸೋರಿಕೆಯಲ್ಲಿ, ಇಲ್ಲವೇ ತುಂಬದೆ ಉಳಿದ ದಿನಗಳಲ್ಲಿ. ಇದೇ ರಾಡನ್ನು ಜೆಸ್ಕಾಂ ಲೈನಿಗೆ ಹಾಕಿ ಪರೀಕ್ಷಿಸಿದರೆ ದಾರಿ ತಪ್ಪುತ್ತೀರಿ. ಹಳ್ಳಿಯ ಲೈನಿನಲ್ಲಿ 190 ವೋಲ್ಟ್ ಇದ್ದರೆ ಸಾವಿರದ ರಾಡ್ ಸುಮಾರು 680 ವ್ಯಾಟ್ ಮಾತ್ರ ಎಳೆಯುತ್ತದೆ.

ಶಂಟಿನ ಸೊನ್ನೆ ಸರಿಪಡಿಸುವುದು, ತಂತಿ ಬಿಚ್ಚುವುದು ಕೂರಿಸಿದವರ ಕೆಲಸ. ಅವರು ಬಂದಾಗ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತಂದಿದ್ದಾರೆಯೇ ಕೇಳಿ. ಅಗ್ಗದ ಕ್ಲ್ಯಾಂಪ್ ಎಸಿಯನ್ನಷ್ಟೇ ಓದುತ್ತದೆ. ಪ್ಲೇಟಿನ ಡಿಸಿ ತಂತಿಗಳಿಗಂತೂ ನೀವು ಕೈ ಹಾಕಲೇಬೇಡಿ, ಸಾಲಾಗಿ ಜೋಡಿಸಿದ ಪ್ಲೇಟುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ಒಳ್ಳೇ ಬಿಸಿಲಿನ ದಿನ ಖರ್ಚು ಕಡಿಮೆ ಮಾಡಿ ಬ್ಯಾಟರಿ ಪೂರ್ತಿ ತುಂಬಲು ಬಿಡಿ. ಒಳಹರಿವು ತಾನಾಗಿ ಒಂದೆರಡು ಆಂಪಿಯರಿಗೆ ಇಳಿದಾಗ ಮೀಟರ್ 100 ಎಂದು ಬರೆದುಕೊಳ್ಳುತ್ತದೆ.

ಇದಾದ ಮೇಲೂ ಕೆಲವು ವರ್ಷ ಹಳೆಯ ಬ್ಯಾಟರಿ ಮೊದಲಿನಷ್ಟು ಬಾಳದಿದ್ದರೆ ಮತ್ತೆ ಮುನಿರಾಬಾದಿಗೇ ಹೋಗಬೇಕು. ಅಣೆಕಟ್ಟು ಕಟ್ಟಿದಾಗ 1633 ಅಡಿಗೆ 133 ಟಿಎಂಸಿ ಹಿಡಿಯುತ್ತಿತ್ತು. ಅಡಿ ಈಗಲೂ ಅಷ್ಟೇ, ನೀರು ಮಾತ್ರ ಸುಮಾರು 105 ಟಿಎಂಸಿ. ಉಳಿದದ್ದು ಹೂಳು. ಹಳೆಯ ಬ್ಯಾಟರಿಯ ನೂರು ಪರ್ಸೆಂಟೂ ಹಾಗೆಯೇ. ಪೂರ್ತಿ ತುಂಬಿಸಿ, ಬಂದ್ ಆಗುವವರೆಗೆ ಖರ್ಚು ಮಾಡಿ, ಎಷ್ಟು ಆಂಪಿಯರ್-ಅವರ್ ಬಂತೆಂದು ಬರೆದುಕೊಂಡು, ಸೆಟ್ಟಿಂಗಿನಲ್ಲಿ 100 ಇದ್ದಲ್ಲಿ 82 ಬಂದಿದ್ದರೆ 82 ಎಂದೇ ತುಂಬಿ. ರಾತ್ರಿ ಲೈಟು ಮೊದಲಿನಷ್ಟೇ ಬೇಗ ಹೋಗುತ್ತದೆ. ಆದರೆ ಆಗ ಪರದೆಯ ಮೇಲೆ ಅರವತ್ತು ಇರುವುದಿಲ್ಲ.