ದೀವದ ಹಕ್ಕಿ

ಬೇಡನು ತಾನು ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಬಲೆಯ ಕಡೆಗೆ ಸೆಳೆಯುತ್ತಿದ್ದನಷ್ಟೆ. ಅಂಥ ಮೃಗಕ್ಕೆ ಹಳಗನ್ನಡದಲ್ಲಿ 'ದೀವ' ಎಂದು ಹೆಸರು. ಮಾತು ಈಗ ನಿಘಂಟನ್ನು ಸೇರಿದೆ. ಆದರೂ ಅಮೆರಿಕದ ಬೇಟೆಗಾರರ ಮರದ ಬಾತುಗಳಿಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ತೋಚದು.

ಮರದ ಬಾತುಗಳನ್ನು ನೀರಿನಲ್ಲಿ ತೇಲಬಿಟ್ಟರೆ, ಮೇಲೆ ಹಾರುವ ಹಿಂಡು ತನ್ನ ಬಳಗವೇ ಅಲ್ಲಿ ಮೇಯುತ್ತಿದೆಯೆಂದು ನಂಬಿ ಕೆಳಗಿಳಿಯುತ್ತದೆ. ಮರೆಯಲ್ಲಿ ಕೋವಿ ಕಾದಿರುತ್ತದೆ. ಉಪಾಯ ಹಳೆಯದು. ನೆವಾಡದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ದೊರೆತ, ಜೊಂಡಿನಿಂದ ಕಟ್ಟಿದ 11 ಬಾತುಗಳಿಗೆ ಸುಮಾರು 2000 ವರ್ಷ ವಯಸ್ಸು.

ಮೇರಿಲೆಂಡಿನ ಕಡಲಂಚಿನ ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಸ್ಟೀವ್ ಮತ್ತು ಲೆಮ್ ವಾರ್ಡ್ ಎಂಬ ಸೋದರರಿದ್ದರು. ಕಸಬು ಕ್ಷೌರ. ಬಿಡುವಾದಾಗ ಕತ್ತರಿಯನ್ನಿಟ್ಟು ಉಳಿಯನ್ನು ಹಿಡಿಯುವರು. ಕೆತ್ತನೆ ಹೆಚ್ಚಾಗಿ ಸ್ಟೀವನದು, ಬಣ್ಣ ಲೆಮ್ಮನದು. ಬಣ್ಣಕ್ಕೆ ಹೊಳಪು ಕೂಡದು. ಬಿಸಿಲಿಗೆ ಮಿರುಗುವ ಬೆನ್ನನ್ನು ಕಂಡರೆ ಹಿಂಡು ದೂರ ಸರಿಯುತ್ತದೆ. ಕ್ಯಾನ್ವಾಸ್‌ಬ್ಯಾಕ್ ಬಾತಿನ ಗಂಡಿಗೆ ಕೆಂಗಂದು ತಲೆ, ಕಪ್ಪು ಎದೆ, ಬಿಳಿಚಿದ ಬೆನ್ನು. ಹೆಣ್ಣು ಮಾಸಲು ಕಂದು. ಇಷ್ಟನ್ನು ಯಾರಾದರೂ ಬಳಿದಾರು. ಕಷ್ಟವಿರುವುದು ಕತ್ತಿನಲ್ಲಿ. ಅಪಾಯದ ಸುಳಿವು ಸಿಕ್ಕ ಬಾತು ಕತ್ತನ್ನು ನೆಟ್ಟಗೆ ನಿಮಿರಿಸುತ್ತದೆ. ನಿಶ್ಚಿಂತೆಯ ಬಾತು ಅದನ್ನು ಹುದುಗಿಸಿಕೊಂಡಿರುತ್ತದೆ. ಮರದಲ್ಲಿ ಮೂಡಬೇಕಾದುದು ಆ ನಿಶ್ಚಿಂತೆ. ಕೊಲ್ಲುವುದಕ್ಕಾಗಿ ಇಷ್ಟು ನೆಮ್ಮದಿಯನ್ನು ಕಡೆದಿಟ್ಟ ಕಸುಬು ಬೇರೊಂದುಂಟೆ!

ವಲಸೆಯ ಹಕ್ಕಿಗಳನ್ನು ಕೊಂದು ಮಾರುವುದನ್ನು ಅಮೆರಿಕದಲ್ಲಿ 1918ರ ಶಾಸನ ತಡೆಯಿತು. ಜೀವಂತ ಬಾತುಗಳನ್ನೇ ದೀವವಾಗಿ ಕಟ್ಟುವ ಪದ್ಧತಿ 1935ರಲ್ಲಿ ನಿಷಿದ್ಧವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಅಗ್ಗದ ಪ್ಲಾಸ್ಟಿಕ್ ಬಾತುಗಳು ಬಂದವು. ಮರದವು ಕೆರೆಯನ್ನು ಬಿಟ್ಟು ಕಪಾಟನ್ನೇರಿದವು. ಮ್ಯಾಸಚೂಸೆಟ್ಸಿನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ 30 ಸಾವಿರ ಡಾಲರಿಗೆ ಮಾರಾಟವಾದವು. ಒಂದು, ಗರಿಗಳನ್ನು ತಿದ್ದಿಕೊಳ್ಳುತ್ತಿರುವ ಬಾತು. ಇನ್ನೊಂದು, ನಿದ್ರಿಸುತ್ತಿರುವ ಹೆಬ್ಬಾತು. ಬಯಲಿನ ಬದುಕಿನಲ್ಲಿ ಹಕ್ಕಿಯು ಮೈಮರೆಯುವ ಗಳಿಗೆಗಳು ಇವೇ ಅಲ್ಲವೆ? 1952ರಲ್ಲಿ ತೀರಿಕೊಂಡ ಕ್ರೋವೆಲ್ ಈ ಬೆಲೆಯನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದನೋ ಏನೋ.

ಈಗ ಇದನ್ನು ಹವ್ಯಾಸವಾಗಿ ಹಿಡಿದವರಲ್ಲಿ ಕೋವಿಯನ್ನೇ ಮುಟ್ಟದವರು ಎಷ್ಟೋ ಮಂದಿ. ಕಾಯಿಸಿದ ಲೋಹದ ಮೊನೆಯಿಂದ ಗರಿಯ ಒಂದೊಂದು ಎಳೆಯನ್ನೂ ಮರದ ಮೇಲೆ ಸುಟ್ಟು ಬರೆಯುತ್ತಾರೆ. ಅದಕ್ಕಾಗಿ ದುರ್ಬೀನು ಹಿಡಿದು ಕೆರೆಯ ದಡದಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಾರೆ. ಆದರೂ ಬೇಟೆಯ ದಿನಗಳ ಒಂದು ಪರೀಕ್ಷೆ ಸ್ಪರ್ಧೆಗಳಲ್ಲಿ ಉಳಿದುಬಂದಿದೆ. ಬಾತನ್ನು ನೀರಿನ ತೊಟ್ಟಿಯಲ್ಲಿ ಬೋರಲಾಗಿ ಹಾಕುತ್ತಾರೆ. ಹೊಟ್ಟೆಯಡಿಯ ಸೀಸದ ತೂಕ ಸರಿಯಾಗಿದ್ದರೆ ಅದು ತಾನಾಗಿ ಹೊರಳಿ, ಒಮ್ಮೆ ಓಲಾಡಿ, ನೆಟ್ಟಗೆ ಕೂರುತ್ತದೆ.